ನೀರಿನ ಬಿಲ್ಲಿಗೊಂದು ನೋಟ್‌ಬುಕ್

ನಮ್ಮ ಮನೆಯ ಖರ್ಚುವೆಚ್ಚದ ಲೆಕ್ಕ ನನ್ನ ಕೈಗೆ ಬಂದಾಗ ಅದರೊಂದಿಗೆ ಒಂದು ದಪ್ಪ ತಂತಿಯೂ ಬಂದಿತ್ತು. ನಮ್ಮ ಅತ್ತೆಯವರು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಬಿಲ್ಲುಗಳನ್ನೆಲ್ಲ ಆ ತಂತಿಗೆ ಚುಚ್ಚಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದರು. ಕಟ್ಟಿದ ಬಿಲ್ಲನ್ನು ಹೀಗೆ ಜೋಪಾನ ಮಾಡುವ ಮನೆಗಳು ಈಗ ಕಡಿಮೆಯಾಗಿವೆ. ವಿದ್ಯುತ್ ಬಿಲ್ಲು ಬಂದರೆ ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ಓದುತ್ತಾರೆ, ನೀರಿನ ಬಿಲ್ಲನ್ನು ಮಾತ್ರ ಮೊತ್ತ ನೋಡಿ ಕಟ್ಟಿಬಿಡುತ್ತಾರೆ. ಇದಕ್ಕೆ ಕಾರಣವೂ ಇದೆ. 2014ರಲ್ಲಿ ನಿಗದಿಯಾದ ನೀರಿನ ದರ 2025ರ ಏಪ್ರಿಲ್‌ವರೆಗೆ ಬದಲಾಗಲಿಲ್ಲವಾದ್ದರಿಂದ, ಹತ್ತು ವರ್ಷಕ್ಕೂ ಮೇಲ್ಪಟ್ಟು ಆ ಮೊತ್ತ ಯಾರ ಗಮನವನ್ನೂ ಸೆಳೆಯದಷ್ಟು ಚಿಕ್ಕದಾಗಿ ಉಳಿದಿತ್ತು. ಈಗ ಪರಿಸ್ಥಿತಿ ಬೇರೆಯಾಗಿದೆ. ದರ ಏರಿದೆ, ಪ್ರತಿ ವರ್ಷ ಏಪ್ರಿಲ್ 1ರಿಂದ ಶೇಕಡಾ 3ರಷ್ಟು ಏರಿಸುವ ನಿರ್ಧಾರವನ್ನೂ ಅದರ ಜೊತೆಗೇ ಪ್ರಕಟಿಸಲಾಗಿದೆ. ಆದ್ದರಿಂದ ಮನೆಯ ನೀರಿನ ಲೆಕ್ಕವನ್ನು ಮನೆಯವರೇ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಹೇಗೆ ಇಟ್ಟುಕೊಳ್ಳಬಹುದು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆರ್.ಆರ್. ಸಂಖ್ಯೆಯ ವಿಷಯ. ಜಲಮಂಡಳಿಯ ಮಟ್ಟಿಗೆ ನಿಮ್ಮ ಮನೆಯ ಗುರುತು ನಿಮ್ಮ ಹೆಸರೂ ಅಲ್ಲ, ಮನೆ ಸಂಖ್ಯೆಯೂ ಅಲ್ಲ, ಈ ಆರ್.ಆರ್. ಸಂಖ್ಯೆ. ಬೆಸ್ಕಾಂ ಬಿಲ್ಲಿನಲ್ಲಿಯೂ ಆರ್.ಆರ್. ಸಂಖ್ಯೆ ಎಂದೇ ಬೇರೊಂದು ಸಂಖ್ಯೆ ಇರುವುದರಿಂದ ವಯಸ್ಸಾದವರು ಇವೆರಡನ್ನೂ ಅದಲುಬದಲು ಮಾಡಿಕೊಳ್ಳುವುದುಂಟು. ಹಾಗಾಗಿ ನೀರಿನದನ್ನು ಮೀಟರ್ ಗುಂಡಿಯ ಮುಚ್ಚಳದ ಒಳಬದಿಯಲ್ಲಿ ಬಣ್ಣದಿಂದ ಬರೆಸಿ, ಮನೆಯೊಳಗೆ ಕ್ಯಾಲೆಂಡರಿನ ಮೇಲೂ ಬರೆದಿಟ್ಟರೆ ಒಳ್ಳೆಯದು. ಹಣ ಕಟ್ಟುವಾಗ, ದೂರು ಕೊಡುವಾಗ, ಹೆಸರು ಬದಲಾಯಿಸುವಾಗ, ಎಲ್ಲ ಕಡೆಯೂ ಮೊದಲು ಕೇಳುವುದು ಅದನ್ನೇ.

ಇನ್ನು ಬಿಲ್ಲಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಹಿಂದಿನ ಅಳತೆ, ಈಗಿನ ಅಳತೆ, ಇವೆರಡರ ವ್ಯತ್ಯಾಸವಾದ ಬಳಕೆ, ಆ ಬಳಕೆಯ ಮೇಲೆ ಹಂತ ಹಂತವಾಗಿ ಬೀಳುವ ನೀರಿನ ಶುಲ್ಕ, ಒಳಚರಂಡಿ ಶುಲ್ಕ, ಮೀಟರ್ ಶುಲ್ಕ, ಹಳೆಯ ಬಾಕಿಯಿದ್ದರೆ ಬಾಕಿ ಮತ್ತು ಅದರ ಬಡ್ಡಿ. ಮನೆಯಲ್ಲಿ ಕೊಳವೆಬಾವಿ ಇದ್ದರೆ ಅದಕ್ಕೂ ಒಳಚರಂಡಿ ಶುಲ್ಕ ಸೇರುತ್ತದೆ. ನಮ್ಮ ಜಾಗದ ನೀರಿಗೆ ಮಂಡಳಿಗೇಕೆ ಹಣ ಎಂದು ಅನೇಕರು ಕೇಳುತ್ತಾರೆ. ನೀರು ನಮ್ಮ ನೆಲದಿಂದಲೇ ಬಂದಿರಬಹುದು, ಆದರೆ ಬಳಸಿದ ಮೇಲೆ ಅದು ಹರಿದುಹೋಗುವುದು ಮಂಡಳಿಯ ಕೊಳವೆಗೇ ಆದ್ದರಿಂದ ಈ ಶುಲ್ಕ ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ. ಮಳೆನೀರು ಕೊಯ್ಲು ಕಡ್ಡಾಯವಾಗಿರುವ ಮನೆಗಳಲ್ಲಿ ಅದನ್ನು ಮಾಡದಿದ್ದರೆ ದಂಡವೂ ಇದೇ ಬಿಲ್ಲಿನಲ್ಲಿ ತಿಂಗಳು ತಿಂಗಳು ಬರುತ್ತದೆ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ಪ್ರಕಾರ 60×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ 30×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ಹೊಸ ಮನೆಗಳಿಗೂ ಈ ನಿಯಮ ಅನ್ವಯವಾಗುತ್ತದೆ. ಹಲವು ಮನೆಗಳಲ್ಲಿ ಈ ದಂಡವನ್ನು ದಂಡವೆಂದು ಗುರುತಿಸದೆ ವರ್ಷಗಟ್ಟಲೆ ಕಟ್ಟುತ್ತಿದ್ದಾರೆ. ಆ ಹಣ ಕೂಡಿಟ್ಟಿದ್ದರೆ ಚಾವಣಿಯ ನೀರನ್ನು ಸಂಪಿಗೆ ಇಳಿಸುವ ಪೈಪಿನ ಖರ್ಚಿನಲ್ಲಿ ಒಂದು ಪಾಲು ಹುಟ್ಟುತ್ತಿತ್ತು. ಕೆಲಸ ಹೇಗಾಗಬೇಕೆಂದು ಕಣ್ಣಾರೆ ನೋಡಬಯಸುವವರು ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಮಳೆನೀರು ಕೊಯ್ಲಿನ ಉದ್ಯಾನಕ್ಕೆ ಹೋಗಿಬರಬಹುದು. ಬೇರೆ ಬೇರೆ ಬಗೆಯ ಶೋಧಕಗಳನ್ನೂ ಇಂಗುಗುಂಡಿಗಳನ್ನೂ ಅಲ್ಲಿ ಮಾದರಿಯಾಗಿ ಮಾಡಿಟ್ಟಿದ್ದಾರೆ.

ಹಂತದ ದರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. 2014ರ ದರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಅಂಕಿಗಳು ಲೆಕ್ಕಕ್ಕೆ ಸುಲಭವಾಗಿವೆ ಮತ್ತು ಕ್ರಮ ಇಂದಿಗೂ ಅದೇ ಆಗಿದೆ. ಆಗ ತಿಂಗಳಿಗೆ ಮೊದಲ 8 ಕಿಲೋಲೀಟರಿಗೆ, ಅಂದರೆ 8,000 ಲೀಟರಿನವರೆಗೆ, ಕಿಲೋಲೀಟರೊಂದಕ್ಕೆ 7 ರೂಪಾಯಿ ಇತ್ತು. ಅಲ್ಲಿಂದ 25ರವರೆಗೆ 11 ರೂಪಾಯಿ, 25ರಿಂದ 50ರವರೆಗೆ 26 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 45 ರೂಪಾಯಿ. 2025ರಲ್ಲಿ ಏರಿಕೆಯಾದಾಗಲೂ ಕೆಳಗಿನ ಹಂತಕ್ಕೆ ಲೀಟರಿಗೆ 0.15 ಪೈಸೆಯಷ್ಟು, ಅಂದರೆ ಕಿಲೋಲೀಟರಿಗೆ ಒಂದೂವರೆ ರೂಪಾಯಿ ಮಾತ್ರ ಏರಿಸಿ, ಮೇಲಿನ ಹಂತಗಳಿಗೆ ಹೋದಂತೆ ಹೆಚ್ಚು ಏರಿಸಲಾಯಿತು. ನಗರಗಳ ನೀರು ಪೂರೈಕೆಯ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವನ್ನು ಬಳಸುವುದುಂಟು. ಆ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ 16 ಕಿಲೋಲೀಟರಿಗೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಂದರೆ ಸಾಮಾನ್ಯ ಮನೆಯೊಂದು ಎರಡನೆಯ ಹಂತದ ನಡುವಿನಲ್ಲಿ ನಿಲ್ಲಬೇಕು. ನಾಲ್ವರ ಮನೆಯ ಬಿಲ್ಲು ಮೂರನೆಯ ಹಂತಕ್ಕೆ ಏರಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು, ಆ ಕಾರಣವನ್ನು ಹುಡುಕಬೇಕು.

ಹುಡುಕಲು ಬೇಕಾದ ಮೊದಲ ಸಾಧನ ನೋಟ್‌ಬುಕ್. ಪ್ರತಿ ತಿಂಗಳ 1ನೇ ತಾರೀಖಿನಂದು ಮೀಟರಿನ ಅಳತೆಯನ್ನು ಬರೆದಿಡುವುದು, ಮೀಟರ್ ರೀಡರ್ ಬಂದ ದಿನ ಅವರು ತೆಗೆದುಕೊಂಡ ಅಳತೆಯನ್ನು ಅದರ ಪಕ್ಕದಲ್ಲಿ ಬರೆಯುವುದು, ಬಿಲ್ಲಿನ ಮೊತ್ತ, ಕಟ್ಟಿದ ದಿನ, ಪಾವತಿಯ ಸಂಖ್ಯೆ ಇವಿಷ್ಟನ್ನು ಒಂದೇ ಸಾಲಿನಲ್ಲಿ ತುಂಬುವುದು. ಕಪ್ಪು ಅಂಕಿಗಳು ಕಿಲೋಲೀಟರ್, ಕೆಂಪು ಅಂಕಿಗಳು ಅದರ ಕೆಳಗಿನ ಭಾಗ. ಬಿಲ್ಲಿಗೆ ಬೇಕಾದದ್ದು ಕಪ್ಪು ಅಂಕಿ ಮಾತ್ರ. ಅಂಕಿ ಸ್ಪಷ್ಟವಾಗಿ ಕಾಣುವಂತೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಉತ್ತಮ. ಅತ್ತೆಯವರ ತಂತಿಯಲ್ಲಿದ್ದ ಹಳೆಯ ಬಿಲ್ಲುಗಳು ಇಂದಿಗೂ ಓದಲು ಬರುತ್ತವೆ, ಆದರೆ ಈಗ ಕೈಯಂತ್ರದಿಂದ ಸ್ಥಳದಲ್ಲೇ ಮುದ್ರಿಸಿ ಕೊಡುವ ಬಿಲ್ಲಿನ ಕಾಗದ ಕೆಲವೇ ತಿಂಗಳಲ್ಲಿ ಮಸುಕಾಗಿ ಬರಿಯ ಬಿಳಿ ಹಾಳೆಯಾಗಿಬಿಡುತ್ತದೆ. ಬಿಲ್ಲು ಕೈಗೆ ಬಂದ ದಿನವೇ ಅದರ ಚಿತ್ರವನ್ನೂ ತೆಗೆದಿಡದಿದ್ದರೆ ಎರಡು ವರ್ಷದ ನಂತರ ತೋರಿಸಲು ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಮೀಟರ್ ಗುಂಡಿಯನ್ನು ಚೊಕ್ಕಟವಾಗಿ ಇಡುವುದೂ ಈ ಲೆಕ್ಕದ ಭಾಗವೇ. ಗೇಟಿನ ಪಕ್ಕದ ಆ ಗುಂಡಿಯ ಮೇಲೆ ಸ್ಕೂಟರ್ ನಿಲ್ಲಿಸಿರುತ್ತಾರೆ, ಹೂವಿನ ಕುಂಡ ಇಟ್ಟಿರುತ್ತಾರೆ, ಮಳೆಗಾಲದಲ್ಲಿ ಅದರೊಳಗೆ ಕೆಸರು ತುಂಬಿ ಗಾಜಿನ ಮೇಲೆ ಪದರ ಕಟ್ಟಿರುತ್ತದೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಬಿಸಿಲಿನಲ್ಲಿ ನಡೆಯುತ್ತಾ ಬರುವ ಮೀಟರ್ ರೀಡರ್ ಪ್ರತಿ ಮನೆಯಲ್ಲೂ ಕುಂಡ ಸರಿಸಿ, ಕೆಸರು ಬಳಿದು ಓದಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. "ಅಮ್ಮಾ, ಅಂಕಿ ಕಾಣಿಸ್ತಿಲ್ಲ" ಎಂದು ಅವರು ಹೇಳಿದಾಗ ಒಂದು ಚೊಂಬು ನೀರು, ಒಂದು ಹಳೆಯ ಬಟ್ಟೆ ಹಿಡಿದು ಹೊರಗೆ ಬರುವುದು ನಮ್ಮ ಕೆಲಸ.

ಅಳತೆ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಿಲ್ಲು ಏಕಾಏಕಿ ಏರಿತೆಂಬ ಅನೇಕ ದೂರುಗಳ ಬೇರು ಇಲ್ಲಿದೆ. ಮನೆಗೆ ಬೀಗ ಹಾಕಿದ್ದರೆ, ಅಥವಾ ಮೀಟರ್ ನಿಂತುಹೋಗಿದ್ದರೆ, ಹಿಂದಿನ ಬಳಕೆಯ ಆಧಾರದ ಮೇಲೆ ಸರಾಸರಿ ಬಿಲ್ಲು ಹಾಕುತ್ತಾರೆ. ಸರಾಸರಿಯು ನಿಜವಾದ ಬಳಕೆಗಿಂತ ಕಡಿಮೆಯಿದ್ದರೆ, ಮುಂದೆ ಅಳತೆ ಸಿಕ್ಕ ತಿಂಗಳಲ್ಲಿ ಉಳಿದದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಒಂದು ಮನೆಯವರು ಪ್ರತಿ ತಿಂಗಳೂ 20 ಕಿಲೋಲೀಟರ್ ಬಳಸುತ್ತಾರೆ ಎಂದುಕೊಳ್ಳಿ. ಮೇಲೆ ಹೇಳಿದ 2014ರ ದರದಲ್ಲಿ ಮೊದಲ 8ಕ್ಕೆ 56 ರೂಪಾಯಿ, ಉಳಿದ 12ಕ್ಕೆ 132 ರೂಪಾಯಿ, ಒಟ್ಟು 188 ರೂಪಾಯಿ. ಎರಡು ತಿಂಗಳಿಗೆ 376. ಅದೇ 40 ಕಿಲೋಲೀಟರನ್ನು ಒಂದೇ ತಿಂಗಳ ಬಳಕೆಯೆಂದು ಲೆಕ್ಕ ಹಾಕಿದರೆ 8ಕ್ಕೆ 56, ನಂತರದ 17ಕ್ಕೆ 187, ಮೇಲಿನ 15ಕ್ಕೆ 390, ಹೀಗೆ 633 ರೂಪಾಯಿ ಆಗುತ್ತದೆ. ಒಂದು ಹನಿಯೂ ಹೆಚ್ಚು ಬಳಸದೆ 257 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತದೆ, ಒಳಚರಂಡಿ ಶುಲ್ಕವೂ ನೀರಿನ ಶುಲ್ಕದ ಶೇಕಡಾವಾರು ಲೆಕ್ಕದಲ್ಲಿ ಸೇರುವಾಗ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಇಂಥ ಸಂದರ್ಭದಲ್ಲಿ ಬಳಕೆಯನ್ನು ಆಯಾ ತಿಂಗಳುಗಳಿಗೆ ಹಂಚಿ ಹಂತದ ದರ ಹಾಕಿಕೊಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಆದರೆ ಹಂಚಬೇಕಾದರೆ ಆಯಾ ತಿಂಗಳ ಅಳತೆ ಏನಿತ್ತೆಂದು ಯಾರಾದರೂ ಹೇಳಬೇಕಲ್ಲವೇ? ನೋಟ್‌ಬುಕ್ಕಿನ ಸಾಲುಗಳು, ದಿನಾಂಕ ಇರುವ ಚಿತ್ರಗಳು ಅಲ್ಲಿ ನಿಮ್ಮ ಪರವಾಗಿ ನಿಲ್ಲುತ್ತವೆ.

ಮೀಟರೇ ತಪ್ಪು ತೋರಿಸುತ್ತಿದೆ ಎಂಬ ಅನುಮಾನ ಇನ್ನೊಂದು ಬಗೆಯದು. ನಮ್ಮ ನಗರದ ಹೆಚ್ಚಿನ ಬಡಾವಣೆಗಳಲ್ಲಿ ನೀರು ದಿನವಿಡೀ ಬರುವುದಿಲ್ಲ, ದಿನ ಬಿಟ್ಟು ದಿನ ಕೆಲವು ಗಂಟೆ ಬರುತ್ತದೆ. ನೀರಿಲ್ಲದ ಹೊತ್ತಿನಲ್ಲಿ ಕೊಳವೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ನೀರು ಬಿಟ್ಟಾಗ ಆ ಗಾಳಿ ಮುಂದೆ ತಳ್ಳಲ್ಪಟ್ಟು ಮೀಟರಿನ ಚಕ್ರವನ್ನು ತಿರುಗಿಸುತ್ತದೆ. ಗಾಳಿಗೂ ಬಿಲ್ಲು ಕಟ್ಟುತ್ತಿದ್ದೇವೆ ಎಂಬ ಮಾತು ಬೀದಿ ಬೀದಿಯಲ್ಲಿ ಕೇಳಿಬರುತ್ತದೆ. ಅದು ನಿಜವೋ, ನಿಜವಾದರೆ ಎಷ್ಟು ಎಂಬುದನ್ನು ನಿಮ್ಮ ಮನೆಯ ಸಂಪಿನಿಂದಲೇ ಪರೀಕ್ಷಿಸಬಹುದು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಸಂಪಿನ ಒಳಗಿನ ಉದ್ದ ಅಗಲಗಳನ್ನು ಮೀಟರಿನಲ್ಲಿ ಅಳೆದುಕೊಳ್ಳಿ. ಉದ್ದ 2 ಮೀಟರ್, ಅಗಲ 1.5 ಮೀಟರ್ ಇದ್ದರೆ ತಳದ ವಿಸ್ತೀರ್ಣ 3 ಚದರ ಮೀಟರ್. ಒಂದು ಘನ ಮೀಟರ್ ಎಂದರೆ ಸರಿಯಾಗಿ 1,000 ಲೀಟರ್ ಆದ್ದರಿಂದ ಆ ಸಂಪಿನಲ್ಲಿ ನೀರು ಒಂದು ಸೆಂಟಿಮೀಟರ್ ಏರಿದರೆ 30 ಲೀಟರ್, ಒಂದು ಮೀಟರ್ ಏರಿದರೆ 3 ಕಿಲೋಲೀಟರ್ ಬಂದಂತೆ. ನೀರು ಬರುವ ಮೊದಲು ಅಳತೆಕೋಲು ಇಳಿಸಿ ನೀರಿನ ಮಟ್ಟ ಗುರುತಿಸಿ, ಮೀಟರಿನ ಕೆಂಪು ಅಂಕಿಗಳನ್ನೂ ಸೇರಿಸಿ ಪೂರ್ಣ ಅಳತೆ ಬರೆದುಕೊಳ್ಳಿ. ನೀರು ಬರುವಷ್ಟು ಹೊತ್ತೂ ಮೋಟಾರ್ ಹಾಕಬಾರದು, ಮೀಟರಿನಿಂದ ನೇರವಾಗಿ ಬರುವ ಅಂಗಳದ ನಲ್ಲಿಯನ್ನು ತಿರುಗಿಸಬಾರದು. ನೀರು ನಿಂತ ಮೇಲೆ ಮತ್ತೆ ಎರಡನ್ನೂ ಅಳೆಯಿರಿ. ಸಂಪಿನೊಳಗೆ ಕೋಲು ಇಳಿಸಿ ನೋಡುವ ಅಳತೆಯಲ್ಲಿ ಅಲ್ಪಸ್ವಲ್ಪ ಹೆಚ್ಚು ಕಡಿಮೆ ಸಹಜ, ಅದಕ್ಕಾಗಿ ಗೊಂದಲಪಡಬೇಕಾಗಿಲ್ಲ. ಸಂಪಿಗೆ 3 ಕಿಲೋಲೀಟರ್ ಬಂದಿದ್ದು ಮೀಟರ್ 4 ತೋರಿಸಿದರೆ, ಬೇರೆ ಬೇರೆ ದಿನ ಅಳೆದಾಗಲೂ ಅದೇ ಪ್ರಮಾಣದ ವ್ಯತ್ಯಾಸ ಕಂಡುಬಂದರೆ, ಮೀಟರಿನಿಂದ ಸಂಪಿನವರೆಗಿನ ಕೊಳವೆಯಲ್ಲಿ ಎಲ್ಲೂ ನೀರು ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಬಹುದು. ಬಿಲ್ಲು ಹೆಚ್ಚು ಬಂದಿದೆ ಎಂದಷ್ಟೇ ಬರೆಯುವ ಅರ್ಜಿಗಿಂತ ಇಂಥ ತಾರೀಖಿನಂದು ಇಷ್ಟು ಅಳತೆ ಎಂದು ಬರೆದ ಅರ್ಜಿಯನ್ನು ಎಂಜಿನಿಯರುಗಳು ಬೇರೆಯದೇ ಗೌರವದಿಂದ ಓದುತ್ತಾರೆ.

ಸೋರಿಕೆಯನ್ನು ಪತ್ತೆ ಮಾಡಲು ಇದೇ ಕ್ರಮವನ್ನು ತಿರುಗಿಸಿ ಬಳಸಬೇಕು. ಸಂಪು ತುಂಬಿ ಬಾಲ್ ವಾಲ್ವ್ ಮುಚ್ಚಿಕೊಂಡ ನಂತರ, ಬೀದಿಯ ಕೊಳವೆಯಲ್ಲಿ ಇನ್ನೂ ನೀರು ಇರುವಾಗಲೇ ಮೀಟರಿನ ಸಣ್ಣ ನಕ್ಷತ್ರಾಕಾರದ ಚಕ್ರವನ್ನು ನೋಡಿ. ಅದು ನಿಂತಿರಬೇಕು. ತಿರುಗುತ್ತಿದ್ದರೆ ಒಂದೋ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ನೆಲದೊಳಗಿನ ಕೊಳವೆ ಸೋರುತ್ತಿದೆ. ನಮ್ಮ ಎದುರುಮನೆಯ ಹಿರಿಯ ದಂಪತಿಗಳಿಗೆ ಇಬ್ಬರೇ ಇರುವ ಮನೆಗೆ ಮೂರನೆಯ ಹಂತದ ಬಿಲ್ಲು ಬರತೊಡಗಿದಾಗ ಹುಡುಕಿದರೆ ಸಿಕ್ಕಿದ್ದು ಈ ವಾಲ್ವೇ. ಸಂಪಿನ ಹೆಚ್ಚುವರಿ ನೀರು ಹೊರಹೋಗುವ ಪೈಪನ್ನು ಮನೆ ಕಟ್ಟಿದವರು ನೇರವಾಗಿ ಒಳಚರಂಡಿಯ ಚೇಂಬರಿಗೆ ಕೊಟ್ಟಿದ್ದರಿಂದ ಹರಿಯುತ್ತಿದ್ದ ನೀರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಮಿಷಕ್ಕೆ ಒಂದೇ ಲೀಟರಿನಂತೆ ಆರು ಗಂಟೆ ಹರಿದರೂ 360 ಲೀಟರ್, ತಿಂಗಳಿಗೆ ಹದಿನೈದು ಸಲ ನೀರು ಬಂದರೆ 5,400 ಲೀಟರ್. ಹೆಚ್ಚುವರಿ ನೀರಿನ ಪೈಪನ್ನು ಕಣ್ಣಿಗೆ ಕಾಣುವಂತೆ ಅಂಗಳಕ್ಕೆ ಬಿಡಿಸುವುದು ಇದಕ್ಕೆ ಅಗ್ಗದ ಪರಿಹಾರ. ಆ ಪೈಪು ಚೇಂಬರಿಗೆ ಸೇರಿಕೊಂಡಿದ್ದರೆ ಚರಂಡಿ ಕಟ್ಟಿಕೊಂಡಾಗ ಕೊಳಚೆ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಕುಡಿಯುವ ನೀರಿಗೆ ಸೇರುವ ಅಪಾಯವೂ ಇದೆ, ಹಾಗಾಗಿ ಈ ಒಂದು ಕೆಲಸವನ್ನು ಬಿಲ್ಲಿನ ಮಾತು ಬಿಟ್ಟಾದರೂ ಮಾಡಿಸಲೇಬೇಕು. ಸಂಪೇ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ನೀರು ಬರದ ದಿನದ ರಾತ್ರಿ ಮಟ್ಟ ಗುರುತಿಸಿ ಬೆಳಿಗ್ಗೆ ಮೋಟಾರ್ ಹಾಕುವ ಮೊದಲು ಮತ್ತೆ ನೋಡಿದರೆ ಸಾಕು.

ಇಷ್ಟೆಲ್ಲ ಅಳೆಯುವುದು ಕೆಲವೇ ರೂಪಾಯಿಯ ಉಳಿತಾಯಕ್ಕೆ ತಾನೇ ಎಂದು ಕೇಳುವವರಿಗೆ 2024ರ ಬೇಸಿಗೆಯನ್ನು ನೆನಪಿಸಬಯಸುತ್ತೇನೆ. ಆ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳು ಬಾಯಿಗೆ ಬಂದ ಬೆಲೆ ಕೇಳತೊಡಗಿದಾಗ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಗೊತ್ತು ಮಾಡಬೇಕಾಯಿತು. ಅಂದರೆ ಕಿಲೋಲೀಟರಿಗೆ 100 ರೂಪಾಯಿ. ಆಗ ನಲ್ಲಿಯಲ್ಲಿ ಅಷ್ಟೇ ನೀರಿಗೆ ಮೊದಲ ಹಂತದಲ್ಲಿ 7 ರೂಪಾಯಿ ಇತ್ತು. ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಮಂಡಳಿ ಪ್ರಕಟಿಸಿದ್ದೂ ಅದೇ ತಿಂಗಳಲ್ಲಿ. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಸುಮಾರು 500 ಮೀಟರ್ ಎತ್ತರ ಏರಿ ನಮ್ಮ ಊರಿಗೆ ಬರುತ್ತದೆ. 1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಮುಗಿದಾಗ ದಿನಕ್ಕೆ 13.5 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ 77.5 ಕೋಟಿ ಲೀಟರ್, ಅದರ ಮುಖ್ಯ ಉದ್ದೇಶ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವುದು. ಅಷ್ಟು ದೂರದಿಂದ, ಅಷ್ಟು ವಿದ್ಯುತ್ ಖರ್ಚು ಮಾಡಿ ತಂದ ನೀರು ನಮ್ಮ ಸಂಪಿನ ಪಕ್ಕದಿಂದ ಚರಂಡಿಗೆ ಹರಿದುಹೋಗುವುದನ್ನು ಬಿಲ್ಲು ಎಷ್ಟೇ ಕಡಿಮೆಯಿದ್ದರೂ ಸಹಿಸಬಾರದು.

ದೂರು ಕೊಡುವ ವಿಧಾನಕ್ಕೆ ಬರುತ್ತೇನೆ. ನೀರು ಬಾರದಿರುವುದು, ಬೀದಿಯ ಕೊಳವೆ ಒಡೆದಿರುವುದು, ಚರಂಡಿ ಉಕ್ಕಿರುವುದು ಇಂಥವಕ್ಕೆ 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ನಿಮ್ಮ ಬಡಾವಣೆಯ ಮಂಡಳಿಯ ಸೇವಾ ಠಾಣೆ ಎಲ್ಲಿದೆ ಎಂಬುದನ್ನೂ ತೊಂದರೆ ಬರುವ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಕುಡಿಯುವ ನೀರಿನಲ್ಲಿ ಕೊಳಚೆಯ ವಾಸನೆ ಬಂದರೆ ಒಂದು ಗಂಟೆಯೂ ಕಾಯಬಾರದು: ಸಂಪಿಗೆ ಬರುವ ವಾಲ್ವನ್ನು ಮುಚ್ಚಿ, ಅಕ್ಕಪಕ್ಕದ ಮನೆಗಳಿಗೆ ತಿಳಿಸಿ, ಎಲ್ಲರೂ ಬೇರೆ ಬೇರೆಯಾಗಿ ದೂರು ದಾಖಲಿಸಬೇಕು. ಯಾವ ಮನೆಯವರೆಗೆ ವಾಸನೆ ಇದೆ, ಎಲ್ಲಿಂದ ಮುಂದೆ ಇಲ್ಲ ಎಂಬುದರಿಂದಲೇ ಕೊಳವೆ ಎಲ್ಲಿ ಹಾಳಾಗಿದೆ ಎಂದು ಅಗೆಯುವವರಿಗೆ ಸುಳಿವು ಸಿಗುತ್ತದೆ. ಬಿಲ್ಲಿನ ತಕರಾರಿಗೆ ಮಾತ್ರ ಫೋನ್ ಕರೆ ಸಾಲದು. ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರ ಹೆಸರಿಗೆ ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆದು, ಬಿಲ್ಲುಗಳ ಮತ್ತು ನೋಟ್‌ಬುಕ್ಕಿನ ಪುಟದ ನಕಲು ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕರ ದೂರು ಕೇಳಲು ಉಪವಿಭಾಗಗಳಲ್ಲಿ ನಡೆಯುವ ನೀರಿನ ಅದಾಲತ್‌ಗೆ ಅದೇ ಕಾಗದಗಳನ್ನು ತೆಗೆದುಕೊಂಡು ಹೋಗಬಹುದು. ತಕರಾರು ಇತ್ಯರ್ಥವಾಗುವವರೆಗೆ ನಿಮ್ಮ ಲೆಕ್ಕಕ್ಕೆ ಸರಿಯೆನಿಸುವಷ್ಟು ಹಣವನ್ನಾದರೂ ಕಟ್ಟುತ್ತಿರುವುದು ವಿವೇಕ. ಪೂರ್ತಿ ನಿಲ್ಲಿಸಿಬಿಟ್ಟರೆ ಬಾಕಿಗೆ ಬಡ್ಡಿ ಬೆಳೆಯುತ್ತದೆ.

ಒಳಚರಂಡಿಯ ಕುರಿತು ಹೇಳಬೇಕಾದದ್ದು ಬಹಳವಿದೆ. ಬಿಲ್ಲಿನಲ್ಲಿ ಅದು ಒಂದೇ ಸಾಲು, ಮನೆಯಲ್ಲಿ ಅದರ ನೆನಪು ಬರುವುದು ಉಕ್ಕಿದಾಗ ಮಾತ್ರ. ನಮ್ಮ ಬೀದಿಗಳ ಮ್ಯಾನ್‌ಹೋಲುಗಳು ಜೋರು ಮಳೆಗೆ ಉಕ್ಕುವುದಕ್ಕೆ ಒಂದು ದೊಡ್ಡ ಕಾರಣ, ಅನೇಕ ಮನೆಗಳವರು ಚಾವಣಿಯ ಮತ್ತು ಅಂಗಳದ ಮಳೆನೀರನ್ನು ಒಳಚರಂಡಿಗೆ ಸೇರಿಸಿರುವುದು. ಆ ಕೊಳವೆಗಳ ಅಗಲ ಮನೆಗಳಿಂದ ಬರುವ ಬಳಸಿದ ನೀರಿಗೆ ತಕ್ಕಂತೆ ಇರುತ್ತದೆ, ಬೀದಿಯ ಎಲ್ಲ ಚಾವಣಿಗಳ ಮಳೆ ಒಮ್ಮೆಲೇ ನುಗ್ಗಿದರೆ ತಗ್ಗಿನಲ್ಲಿರುವ ಮನೆಯ ಬಚ್ಚಲಿಗೆ ಅದು ಹಿಂದಿರುಗದೆ ಬೇರೆ ದಾರಿಯಿಲ್ಲ. ತಗ್ಗಿನ ಮನೆಯವರು ಮಂಡಳಿಗೆ ದೂರು ಕೊಡುತ್ತಾರೆ, ರಭಸದ ನೀರಿನಿಂದ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಬಂದು ಹೋಗುತ್ತದೆ, ಮುಂದಿನ ಮಳೆಗೆ ಮತ್ತೆ ಅದೇ ಆಗುತ್ತದೆ. ಬೀದಿಯವರು ಒಟ್ಟಿಗೆ ಕುಳಿತು ಯಾರ ಮನೆಯ ಮಳೆನೀರಿನ ಪೈಪು ಎಲ್ಲಿಗೆ ಸೇರಿದೆ ಎಂದು ನೋಡುವುದರಿಂದ ಮಾತ್ರ ಇದು ನಿಲ್ಲುತ್ತದೆ. ಚೇಂಬರ್ ಕಟ್ಟಿಕೊಂಡಾಗ ಯಾರನ್ನಾದರೂ ಕರೆದು ಇಳಿಸಿಬಿಡುವ ಹಳೆಯ ಅಭ್ಯಾಸವನ್ನು ಯಾವ ಮನೆಯೂ ಇಟ್ಟುಕೊಳ್ಳಬಾರದು. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಅದನ್ನು ಅಪರಾಧವೆಂದು ಹೇಳಿದೆ, ಮತ್ತು ಆ ಗುಂಡಿಗಳ ವಿಷಾನಿಲಕ್ಕೆ ಜೀವ ಕಳೆದುಕೊಂಡವರ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಒಳಚರಂಡಿ ಶುಲ್ಕವಾಗಿ ಕಟ್ಟಿದ ಹಣ ವ್ಯರ್ಥವಾಗುತ್ತಿಲ್ಲ ಎಂಬುದನ್ನೂ ಹೇಳಬೇಕು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನಾವು ಬಳಸಿ ಬಿಟ್ಟ ನೀರು ಬತ್ತಿದ ಜಿಲ್ಲೆಯೊಂದರ ಅಂತರ್ಜಲಕ್ಕೆ ಸೇರುತ್ತಿರುವುದರಿಂದ, ಚರಂಡಿಗೆ ಆಸಿಡ್, ಬಣ್ಣ, ಉಳಿದ ಔಷಧಿ ಸುರಿಯುವಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವ ಹೊಣೆ ನಮ್ಮ ಮೇಲೂ ಇದೆ.

ಹಣ ಕಟ್ಟುವುದು ಈಗ ಸುಲಭ. ಬೆಂಗಳೂರು ಒನ್ ಕೇಂದ್ರವಿದೆ, ಯುಪಿಐ ಇದೆ. ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಹೋಗುವಂತೆ ಮಾಡುವುದನ್ನು ನೀರಿನ ಬಿಲ್ಲಿನ ಮಟ್ಟಿಗೆ ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ತಾನಾಗಿ ಹೋಗುವ ಹಣವನ್ನು ಯಾರೂ ನೋಡುವುದಿಲ್ಲ, ಸೋರಿಕೆ ಎಷ್ಟೋ ತಿಂಗಳು ಗೊತ್ತಾಗದೆ ಉಳಿಯುತ್ತದೆ. ಕಡೆಯ ದಿನದವರೆಗೆ ಕಾಯದೆ ಕಟ್ಟುವುದು ಮೇಲು, ಏಕೆಂದರೆ ಒಮ್ಮೊಮ್ಮೆ ಹಣ ಜಮೆಯಾಗಲು ಸಮಯ ಹಿಡಿದು ಮುಂದಿನ ಬಿಲ್ಲಿನಲ್ಲಿ ಬಾಕಿಯಾಗಿ ಕಾಣಿಸಬಹುದು. ಮನೆಯಲ್ಲಿ ಇಬ್ಬರು ಕಟ್ಟಿ ಎರಡು ಸಲ ಪಾವತಿಯಾಗಿದ್ದರೆ ಅದು ಮುಂದಿನ ಬಿಲ್ಲಿನಲ್ಲಿ ಜಮೆಯಾಗಿ ಕಾಣಬೇಕು, ಕಾಣದಿದ್ದರೆ ಪಾವತಿಯ ಸಂಖ್ಯೆ ಹಿಡಿದು ಕೇಳಬೇಕು. ಇವತ್ತು ರಾತ್ರಿ ನಿಮ್ಮ ಸಂಪರ್ಕ ಕಡಿತವಾಗುತ್ತದೆ, ಈ ನಂಬರಿಗೆ ಕರೆ ಮಾಡಿ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಬೇಡಿ. ಮನೆಯ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಿ.

ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನೂ ಒಮ್ಮೆ ನೋಡಿ. ತೀರಿಹೋದ ತಾತನ ಹೆಸರಿನಲ್ಲೇ ಬಿಲ್ಲು ಬರುತ್ತಿರುವ ಮನೆಗಳು ಹಳೆಯ ಬಡಾವಣೆಗಳಲ್ಲಿ ಎಷ್ಟೋ ಇವೆ, ಹಣ ಕಟ್ಟಲು ಅದರಿಂದ ಅಡ್ಡಿಯೂ ಇಲ್ಲ. ಮನೆ ಮಾರುವಾಗ, ಕೆಡವಿ ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಅದು ತೊಡಕಾಗುತ್ತದೆ. ಪಾಲಿಕೆಯ ಖಾತೆ ಬದಲಾದ ಕೂಡಲೇ ಆ ಖಾತಾ ಪತ್ರ, ಆಸ್ತಿ ತೆರಿಗೆಯ ರಸೀದಿ, ಬಾಕಿಯಿಲ್ಲದ ನೀರಿನ ಬಿಲ್ಲು ಇವನ್ನು ಜೋಡಿಸಿ ಇಲ್ಲಿಯೂ ಹೆಸರು ಬದಲಾಯಿಸಿಕೊಳ್ಳುವುದು ಜಾಣತನ. ಮನೆ ಕೊಳ್ಳುವವರು ನೀರಿನ ಬಾಕಿ ಎಷ್ಟಿದೆ ಎಂದು ನೋಂದಣಿಗೆ ಮೊದಲೇ ಮಾರುವವರ ಆರ್.ಆರ್. ಸಂಖ್ಯೆ ಪಡೆದು ನೋಡಿಕೊಳ್ಳಬೇಕು. ಬಾಡಿಗೆಗೆ ಕೊಟ್ಟವರ ವಿಷಯದಲ್ಲಿ ನನ್ನದೊಂದು ಸ್ಪಷ್ಟ ಅಭಿಪ್ರಾಯವಿದೆ. ತಲೆಗೆ ಇಷ್ಟು ರೂಪಾಯಿ ಎಂದು ಕರಾರುಪತ್ರದಲ್ಲಿ ಬರೆದು, ಬಿಲ್ಲು ಎಷ್ಟು ಬಂತೆಂದು ಹೇಳದೆ ವಸೂಲಿ ಮಾಡುವುದು ಸರಿಯಲ್ಲ. ಬಿಲ್ಲಿನ ಚಿತ್ರವನ್ನು ಎಲ್ಲ ಬಾಡಿಗೆದಾರರಿಗೂ ಕಳಿಸಿ, ಮನೆಯಲ್ಲಿರುವ ತಲೆಗಳ ಲೆಕ್ಕದಲ್ಲಿ ಹಂಚಿದರೆ ಯಾರ ಮನಸ್ಸಿನಲ್ಲೂ ಅನುಮಾನ ಉಳಿಯುವುದಿಲ್ಲ. ನಮ್ಮ ಮನೆಯ ಮೇಲಿನ ಮಹಡಿಯವರು ಸೋರುವ ಫ್ಲಶ್ ಟ್ಯಾಂಕಿನ ವಿಷಯವನ್ನು ತಾವಾಗಿಯೇ ಬಂದು ಹೇಳುವುದಕ್ಕೆ ಬಿಲ್ಲನ್ನು ಅವರೂ ನೋಡುತ್ತಿರುವುದೇ ಕಾರಣ.

ಮಕ್ಕಳ ಮನೆಗೋ ಊರಿಗೋ ಕೆಲವು ತಿಂಗಳು ಹೋಗಿರಬೇಕಾದವರು ಮೀಟರಿನ ನಂತರದ ವಾಲ್ವನ್ನು ಮುಚ್ಚಿ, ಅಂದಿನ ಅಳತೆಯ ಚಿತ್ರ ತೆಗೆದುಕೊಂಡು, ಗುಂಡಿಯು ಕಾಂಪೌಂಡಿನ ಒಳಗಿದ್ದರೆ ಗೇಟಿನ ಒಂದು ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೊರಡಬೇಕು. ನೀರು ಬಳಸದಿದ್ದರೂ ಕನಿಷ್ಠ ಶುಲ್ಕ ಬರುತ್ತದೆ, ಅದನ್ನು ದೂರದಿಂದಲೇ ಕಟ್ಟುತ್ತಿರಬಹುದು. ಹಿಂದಿರುಗಿದ ದಿನ ವಾಲ್ವ್ ತೆರೆಯುವ ಮೊದಲು ಮತ್ತೊಂದು ಚಿತ್ರ ತೆಗೆದು ಎರಡೂ ಅಂಕಿಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ, ಆ ಅವಧಿಗೆ ಸರಾಸರಿ ಬಿಲ್ಲು ಹಾಕಿದ್ದರೆ ಸರಿಪಡಿಸಿಕೊಡಿ ಎಂದು ಕೇಳಲು ಅವು ಬೇಕಾಗುತ್ತವೆ.